ನೀರಕ್ಕನ ಸ್ವಿಚ್ಚು

ನೀರಿನ ಮೋಟರಿನ ಸ್ವಿಚ್ಚು ನಿಮ್ಮ ಮನೆಯ ಗೋಡೆಯ ಮೇಲಿದ್ದರೆ ಸಾಕು, ದಿನಕ್ಕೊಂದು ತಮಾಷೆ ತಾನೇ ಬಾಗಿಲು ಬಡಿಯುತ್ತದೆ. ನಮ್ಮದು ಹೊಸಪೇಟೆಯ ಅಂಚಿನ ಹೊಸ ಕಾಲೊನಿ. ಸಂಡೂರಿನ ಗಣಿಗಳಿಂದ ಅದಿರಿನ ಲಾರಿಗಳು ಒಂದರ ಹಿಂದೊಂದು ಹೊರಟು, ಊರಿಗೆ ಊರೇ ಕೆಂಪಗಾಗಿದ್ದ ಕಾಲ ಅದು. ಮನೆಗಳು ಎದ್ದಷ್ಟು ಬೇಗ ಊರಿನ ನೀರಿನ ಪೈಪು ನಮ್ಮ ಕಡೆ ಬರಲಿಲ್ಲ. ಕಾಲೊನಿಯವರೆಲ್ಲ ಸೇರಿ ನಮ್ಮದೇ ಬೋರು ಹಾಕಿಸಿ, ಟ್ಯಾಂಕು ಕಟ್ಟಿಸಿಕೊಂಡೆವು. ಬೋರು ನಮ್ಮ ಕಾಂಪೌಂಡಿಗೆ ತಾಗಿಕೊಂಡಿದ್ದರಿಂದ ಸ್ವಿಚ್ಚು ನಮ್ಮ ಅಡುಗೆಮನೆಯ ಹಿಂದಿನ ಗೋಡೆಗೆ ಬಂತು. ಯಜಮಾನರು ಬೆಳಿಗ್ಗೆಯೇ ಜೀಪು ಹತ್ತಿ ಗಣಿ ಆಫೀಸಿಗೆ ಹೋಗಿಬಿಡುವರು. ಮೋಟರು ಹಾಕುವುದು, ವಾಲ್ವ್ ತಿರುಗಿಸುವುದು, ನೀರು ಯಾವಾಗ ಉಂಟು ಯಾವಾಗ ಇಲ್ಲ ಎಂದು ಎಲ್ಲರಿಗೂ ತಿಳಿಸುವುದು, ಎಲ್ಲವೂ ನನ್ನ ಪಾಲಿಗೇ. ಒಂದೇ ವರ್ಷದಲ್ಲಿ ನನ್ನ ಹೆಸರು ಮರೆತುಹೋಗಿ 'ನೀರಕ್ಕ' ಎಂಬುದೇ ನಿಂತಿತು.

ಎಮ್ಮೆ ತಿದ್ದಿದ ಬೋರ್ಡು

ಸುದ್ದಿ ತಿಳಿಸಲೆಂದು ಮೊದಲು ಟ್ಯಾಂಕಿನ ಕಂಬಕ್ಕೆ ಒಂದು ಕರಿಹಲಗೆ ಕಟ್ಟಿಸಿದೆ. ಒಮ್ಮೆ ಟ್ಯಾಂಕು ತೊಳೆಯುವುದಿತ್ತು. ಸೀಮೆಸುಣ್ಣದಿಂದ ದುಂಡಗೆ ಎರಡು ಸಾಲು ಬರೆದೆ. ಮೇಲಿನ ಸಾಲು, 'ಬುಧವಾರ ನೀರು ಬರುತ್ತದೆ'. ಕೆಳಗಿನ ಸಾಲು, 'ಎಂದು ಕಾಯಬೇಡಿ'.

ಬುಧವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಖಾಲಿ ಕೊಡಗಳ ಸಂತೆ. "ಬರ್ತದಂತ ನೀವ ಬರದೀರಿ, ನಳದಾಗ ಬರೇ ಗಾಳಿ ಬರಾಕತ್ತೈತಿ!" ಎಂದು ಎಲ್ಲರೂ ಒಟ್ಟಿಗೇ ಮೇಲೆ ಬಿದ್ದರು. ನಾನು ಆಣೆ ಇಟ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಎಲ್ಲರನ್ನೂ ಕರೆದುಕೊಂಡು ಬೋರ್ಡಿನ ಹತ್ತಿರ ಹೋದೆ. ಅಲ್ಲಿ ನಮಗೆ ಹಾಲು ಹಾಕುವವನ ಎಮ್ಮೆ ಕಣ್ಣು ಮುಚ್ಚಿಕೊಂಡು, ಹಲಗೆಗೆ ಬೆನ್ನು ಹಚ್ಚಿ ಪರಮಾನಂದದಿಂದ ತಿಕ್ಕಿಕೊಳ್ಳುತ್ತಿತ್ತು. ಕೆಳಗಿನ ಸಾಲು ಪೂರ್ತಿ ಎಮ್ಮೆಯ ಬೆನ್ನಿಗೆ ಹೋಗಿತ್ತು.

ನಾನು ಹಾಲಿನವನಿಗೆ ಜೋರು ಮಾಡಿದೆ. ಅವನು ತಣ್ಣಗೆ ಹೇಳಿದ: "ಅದಕ್ಯಾಕ ಬೈತೀರಿ ಅಕ್ಕಾರ? ಎಲ್ಲಾ ಮ್ಯಾಲಿನ ಸಾಲಿನ್ಯಾಗ ಬರದಿದ್ರ ಅದರ ಬೆನ್ನು ಮುಟ್ಟತಿದ್ದಿಲ್ಲ. ಬರಿಯೋರು ನೋಡಿ ಬರೀಬೇಕು."

ಬಂದರಿನಿಂದ ಬಂದ ಸುದ್ದಿ

ಆಮೇಲೆ ಮನೆಗೊಂದು ಮೊಬೈಲು ಬಂತು. ನಾನೂ ಹೊಸ ಪದ್ಧತಿ ಮಾಡಿದೆ. ನೀರು ಬಿಟ್ಟ ಕೂಡಲೇ ಒಂದು ಮಿಸ್ಡ್ ಕಾಲ್. ಯಾರೂ ಎತ್ತಬಾರದು, ಸುಮ್ಮನೆ ಎದ್ದು ಹೋಗಿ ನೀರು ಹಿಡಿಯಬೇಕು.

ಎದುರು ಮನೆಯವರು ಅದಿರು ಸಾಗಿಸುವ ಲಾರಿಗಳ ಮಾಲೀಕರು. ಆ ಮನೆಯಲ್ಲಿ ಮೊಬೈಲು ಅವರೊಬ್ಬರ ಹತ್ತಿರವೇ ಇದ್ದದ್ದರಿಂದ ಅದೇ ನಂಬರು ಬರೆಸಿದ್ದರು. ಆದರೆ ಅವರು ವಾರದಲ್ಲಿ ಐದು ದಿನ ಕಾರವಾರದ ಕಡೆ ಬಂದರಿನಲ್ಲಿ ಇರುವವರು. ನಾನು ಇಲ್ಲಿ ವಾಲ್ವ್ ತಿರುಗಿಸಿ ಮಿಸ್ಡ್ ಕಾಲ್ ಕೊಟ್ಟರೆ ಅದು ಸಮುದ್ರದ ದಂಡೆಯಲ್ಲಿ ಟ್ರಿಂಗ್ ಅನ್ನುತ್ತಿತ್ತು. ಅವರು ಅಲ್ಲಿಂದ ಮನೆಯ ಹಳೇ ಫೋನಿಗೆ ಹಚ್ಚಿ, "ನೀರು ಬಿಟ್ಟಾರಂತ, ಹಿಡಕೋ" ಅನ್ನುವರು. ಹೆಂಡತಿ ಫೋನು ಇಟ್ಟು ಅಂಗಳಕ್ಕೆ ಓಡಿ ಬಂದು, ವಾಲ್ವಿನ ಮುಂದೆಯೇ ನಿಂತಿದ್ದ ನನಗೆ ಕೂಗಿ ಹೇಳುವಳು: "ನೀರಕ್ಕಾ! ನೀರು ಬಂತಂತರೀ! ಜಲ್ದಿ ಹಿಡಕೊಳ್ರಿ!"

ಹದಿನೈದು ದಿನ ಕೇಳಿಸಿಕೊಂಡೆ. ಆಮೇಲೆ, "ನಿಮ್ಮನ್ಯಾಗ ಫೋನ್ ಐತಲ್ಲವಾ, ನಾನ ಸೀದಾ ಅದಕ್ಕ ಹಚ್ತೀನಿ ಬಿಡು" ಎಂದೆ.

ಅವಳು ಗಾಬರಿಯಿಂದ ನನ್ನ ಕೈ ಹಿಡಿದಳು. "ಬ್ಯಾಡ್ರಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ನಿಮ್ಮ ನೀರಿನ ನೆವಕ್ಕಾದ್ರೂ ನಮ್ಮನಿಯವರು ದಿನಾ ಮನೀಗೆ ಫೋನ್ ಮಾಡಾಕತ್ತಾರ!"

ಪ್ರೆಶರ್

ಹೊಸ ಮೋಟರು ಇಳಿಸಿದ ದಿನ, ನೀರು ಎಲ್ಲೆಲ್ಲಿ ಹೇಗೆ ಬರುತ್ತಿದೆ ನೋಡೋಣವೆಂದು ಮನೆಮನೆಗೆ ಹೋದೆ. ಕೊನೆಯ ಮನೆಯ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದರು.

"ಅಜ್ಜೀ, ನಿಮ್ಮನ್ಯಾಗ ಪ್ರೆಶರ್ ಹೆಂಗೈತಿ?"

"ಭಾಳ ಐತವ್ವ. ಡಾಕ್ಟರು ಉಪ್ಪು, ಉಪ್ಪಿನಕಾಯಿ ಎರಡೂ ಬಿಡಿಸ್ಯಾರ."

"ನಿಮ್ದಲ್ಲಜ್ಜೀ, ನಳದ್ದು ಕೇಳಿದೆ!"

ಅಜ್ಜಿ ಮರುಗಿದರು. "ಅಯ್ಯ, ಅದಕ್ಕೂ ಬಂತಾ? ಎಲ್ಲಾ ಈ ಲಾರಿ ಧೂಳಿಂದ ನೋಡವ್ವ."

ಬೋರಿನಲ್ಲಿ ಅದಿರು

ಧೂಳಿನ ಮಾತು ಬಂದಾಗ ಇದನ್ನು ಹೇಳದಿದ್ದರೆ ಹೇಗೆ? ಒಮ್ಮೆ ಟ್ಯಾಂಕು ತೊಳೆದ ನಮ್ಮ ಫಿಟ್ಟರ್ ಮುಚ್ಚಳ ಮುಚ್ಚುವುದನ್ನೇ ಮರೆತುಬಿಟ್ಟ. ಎರಡು ದಿನದ ಲಾರಿ ಧೂಳೆಲ್ಲ ಟ್ಯಾಂಕಿಗೆ ಇಳಿಯಿತು. ಮೂರನೆಯ ದಿನ ನಳ ತಿರುಗಿಸಿದವರ ಕೊಡದಲ್ಲಿ ಆರತಿ ತಟ್ಟೆಯ ಓಕುಳಿಯಂಥ ಕೆಂಪು ನೀರು!

ಎಲ್ಲರೂ ಒಂದೊಂದು ತಂಬಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರಲ್ಲೊಬ್ಬರು ಗಣಿಯ ಸೂಪರ್‌ವೈಸರ್. ನೀರನ್ನು ಗಾಜಿನ ಲೋಟಕ್ಕೆ ಹಾಕಿ, ಬಿಸಿಲಿಗೆ ಹಿಡಿದು, ಗಂಭೀರವಾಗಿ ಹೇಳಿದರು: "ಗ್ರೇಡ್ ಛಲೋ ಐತ್ರಿ ಅಕ್ಕಾರ. ಒಣಗಿಸಿ ಕೊಟ್ರ ಚೀನಾದವ್ರು ಕಣ್ಣು ಮುಚ್ಚಿ ತಗೊಳ್ತಾರ."

ಎಲ್ಲರೂ ನಕ್ಕೆವು. ನಾನು ಟ್ಯಾಂಕು ಖಾಲಿ ಮಾಡಿಸಿ ಮತ್ತೆ ತೊಳೆಸಿದೆ. ಆದರೆ ಆ ತಮಾಷೆಯ ಮಾತು ಸಂಜೆಯೊಳಗೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ತಮಾಷೆಯನ್ನು ಅಲ್ಲೇ ಬಿಟ್ಟು ಸುದ್ದಿಯಾಗಿ ತಿರುಗಿ ಬಂತು. ಮರುದಿನ ಗೇಟಿನ ಮುಂದೆ ದೊಡ್ಡದೊಂದು ಜೀಪು. ಬಿಳಿ ಬಟ್ಟೆ, ಕಪ್ಪು ಕನ್ನಡಕದ ಒಬ್ಬ ಮನುಷ್ಯ ಇಳಿದು ಮೆಲ್ಲಗೆ ಕೇಳಿದ: "ನಿಮ್ಮ ಬೋರಿನ್ಯಾಗ ಅದಿರು ಬಂದೈತಂತಲ್ರೀ?"

"ಇಲ್ರೀ, ಅದು ಲಾರಿ ಧೂಳು. ಟ್ಯಾಂಕಿನ ಮುಚ್ಚಳ ತೆರೆದಿತ್ತು."

ಅವನು ಕಣ್ಣು ಮಿಟುಕಿಸಿದ. "ಹಂಗ ಹೇಳ್ಬೇಕು. ಖರೇ ಹೇಳಿದ್ರ ಎಲ್ಲಾರೂ ಬಂದು ನಿಂದರ್ತಾರ." ಹೋಗುವಾಗ ಒಂದು ಬಾಟಲಿ ನೀರನ್ನೂ ತುಂಬಿಸಿಕೊಂಡು ಹೋದ. ಅದನ್ನು ನೋಡಿದ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಮಧ್ಯಾಹ್ನವೇ ಹಾರೆ ತಂದು ತಮ್ಮ ದಾಸವಾಳದ ಗಿಡದ ಬುಡ ಅಗೆಯತೊಡಗಿದರು.

ಇನ್ನು ಸುಮ್ಮನಿದ್ದರೆ ಕಾಲೊನಿಯೇ ಗಣಿಯಾಗುತ್ತದೆ ಎಂದು ಬೋರ್ಡಿನ ತುಂಬ ದಪ್ಪ ಅಕ್ಷರದಲ್ಲಿ ಬರೆದೆ: 'ಬೋರಿನಲ್ಲಿ ಅದಿರು ಇಲ್ಲ. ನೀರು ಮಾತ್ರ ಇದೆ.'

ಮಾಸ್ತರು ಹಾರೆ ಊರಿಕೊಂಡು ಎರಡು ಸಲ ಓದಿದರು. ಮುಖ ಬಾಡಿತು. "ಇಷ್ಟು ಆಳ ಕೊರೆಸಿ, ಬರೇ ನೀರಾ?" ಎಂದರು.

ಹತ್ತೊಂಬತ್ತರ ಪಾನಾ

ಮೂಲೆ ಮನೆಯಲ್ಲಿ ಪೋಸ್ಟ್‌ಮಾಸ್ತರರ ಕುಟುಂಬ. ಅವರ ಮಗಳು ಓದಿದ ಹುಡುಗಿ. ಮಾತು ಮಾತ್ರ ಮೆಣಸಿನಕಾಯಿ. ಅವಳನ್ನು ನೋಡಲು ಕಂಪ್ಲಿಯಿಂದ ಅಕ್ಕಿ ಗಿರಣಿಯವರು ಹನ್ನೊಂದು ಗಂಟೆಗೆ ಬರುವವರಿದ್ದರು. ಅದೇ ದಿನ ಬೆಳಿಗ್ಗೆ ಆ ಬೀದಿಯ ವಾಲ್ವ್ ಬಿಗಿದು ಕೂತಿತು. ಒಂದು ಹನಿ ನೀರಿಲ್ಲ.

ಹುಡುಗಿಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದರು. "ಬೀಗರಾಗೋರು ಬರಾಕತ್ತಾರ ನೀರಕ್ಕಾ. ಕಾಲಿಗೆ ಕೊಡಾಕೂ ನೀರಿಲ್ಲಂದ್ರ ನಮ್ಮ ಮರ್ಯಾದಿ ಏನು ಉಳೀತದ?" ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವು, ಪಾಪ. ನನ್ನ ಡ್ರಮ್ಮಿನಿಂದ ಎರಡು ಕೊಡ ಕೊಟ್ಟು ಕಳಿಸಿ ಫಿಟ್ಟರ್‌ಗೆ ಫೋನು ಹಚ್ಚಿದೆ. ಅವನು ಮೆಟ್ರಿ ಎಂಬ ಹಳ್ಳಿಯಲ್ಲಿ ನೆಂಟರ ಮನೆಯಲ್ಲಿದ್ದ. "ಬಸ್ ಹತ್ತಿ ಕುಂತೀನಿ ಅಕ್ಕಾರ" ಅಂದ. ಅವನ ಹಿಂದೆ ಕೋಳಿ ಕೂಗುವುದು ಕೇಳುತ್ತಿತ್ತು. ಬೇರೆ ದಾರಿ ಕಾಣದೆ, ನಟ್ಟು ಬಿಚ್ಚುವ ಪಾನಾಗಳ ಚೀಲ ಹೊತ್ತುಕೊಂಡು ನಾನೇ ವಾಲ್ವಿನ ಗುಂಡಿಯ ಹತ್ತಿರ ಹೋದೆ.

ಹತ್ತೂವರೆಗೇ ಬಿಳಿ ಕಾರು ಬಂತು. ಬಿಳಿ ಅಂಗಿಯ ಹುಡುಗ ಇಳಿದು ಪೋಸ್ಟ್‌ಮಾಸ್ತರರ ಮನೆ ಕೇಳಿದ. ಮದುವೆಯ ಹುಡುಗ ಇವನೇ ಎಂದು ನೋಡಿದರೇ ತಿಳಿಯುತ್ತಿತ್ತು. ನಾನು ಮನೆ ತೋರಿಸಿ, "ಒಂದೀಟು ನಿಧಾನಕ್ಕ ಹೋಗ್ರಪ್ಪಾ, ನೀರು ನಿಂತೈತಿ, ಅವರದೇನೂ ತಪ್ಪಿಲ್ಲ" ಎಂದೆ. ಅವನು ಗುಂಡಿಯೊಳಗೆ ಇಣುಕಿದ. "ಇಷ್ಟೇನಾ? ನಮ್ಮ ಗಿರಣ್ಯಾಗ ದಿನಾ ಇಂಥಾವು ಬಿಚ್ತೀನ್ರೀ" ಎಂದು, ಕಾರಿನಲ್ಲಿದ್ದ ಹಿರಿಯರನ್ನು ಮುಂದೆ ಕಳಿಸಿ, ನಾನು ಬ್ಯಾಡ ಬ್ಯಾಡ ಅನ್ನುವಷ್ಟರಲ್ಲಿ ತೋಳು ಮಡಚಿ ಇಳಿದೇಬಿಟ್ಟ. ಐದು ನಿಮಿಷಕ್ಕೆ ಬಿಳಿ ಅಂಗಿ ಕೆಸರಿನಲ್ಲಿ ಕೆಂಪಾಯಿತು.

ಅಷ್ಟರಲ್ಲಿ ಹುಡುಗಿ ಹಿತ್ತಲ ಬಾಗಿಲಿನಿಂದ ಬಂದಳು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಮೂಗಿನ ತುದಿಯಲ್ಲಿ ಸಿಟ್ಟು. ಗುಂಡಿಯ ದಂಡೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಏನಪ್ಪಾ ಫಿಟ್ಟರ್, ಮುಂಜಾನಿಂದ ಒಂದು ವಾಲ್ವ್ ಬಿಚ್ಚಾಕ ಆಗವಲ್ದು ನಿನಗ? ಒಳಗ ಗಂಡಿನ ಕಡೆಯವರು ಬಂದು ಕುಂತಾರ. ನೀರಿಲ್ಲದ ಮನಿ ಅಂತ ಅವರು ಎದ್ದು ಹೋದ್ರ ನನ್ನ ಯಾರು ಮದುವಿ ಆಗ್ತಾರ, ನೀನು ಆಗ್ತೀಯೇನು?"

ಗುಂಡಿಯಿಂದ ಕೆಸರು ಮೆತ್ತಿದ ಮುಖವೊಂದು ಮೇಲೆದ್ದಿತು. ಅವಳನ್ನು ಒಂದು ಗಳಿಗೆ ನೋಡಿತು.

"ಆಗ್ತೀನ್ರೀ. ಮೊದಲ ಆ ಹತ್ತೊಂಬತ್ತರ ಪಾನಾ ಕೊಡ್ರಿ."

ಅವಳು ನನ್ನ ಕಡೆ ತಿರುಗಿದಳು. "ಇವರ ನೋಡವ್ವಾ ಹುಡುಗ" ಎಂದು ಪಿಸುಗುಟ್ಟಿದೆ. ಅವಳ ಮುಖ ಅವನ ಅಂಗಿಗಿಂತ ಕೆಂಪಾಯಿತು. ನೋಡದೆಯೇ ಚೀಲದೊಳಗೆ ಕೈಹಾಕಿ ಸಿಕ್ಕಿದ್ದೊಂದನ್ನು ಎತ್ತಿ ಕೊಟ್ಟಳು. ನಾನು ನೋಡಿದೆ, ಅದು ಇಪ್ಪತ್ತೆರಡರದ್ದು; ಆ ನಟ್ಟಿಗೆ ಕೂರುವುದೇ ಇಲ್ಲ. ಹುಡುಗ ಪಾನಾ ನೋಡಿದ, ಅವಳನ್ನು ನೋಡಿದ.

"ಇದ ನೋಡ್ರಿ ನನಗ ಬೇಕಾಗಿದ್ದು" ಅಂದ.

ಮದುವೆ ಆಗಿಹೋಯಿತೆಂದು ನನಗೆ ಆಗಲೇ ಗೊತ್ತಾಯಿತು. ನೀರು ಮಾತ್ರ ಫಿಟ್ಟರ್ ಬಂದ ಮೇಲೆ ಬಂತು.