ದೊಡ್ಡಪ್ಪನ ಬಿಳಿ ಬಹಿಷ್ಕಾರ

ನಮ್ಮ ದೊಡ್ಡಪ್ಪನಷ್ಟು ಬಿಳಿ ಬಣ್ಣದ ಮೇಲೆ ಹಗೆ ಸಾಧಿಸಿದ ಮನುಷ್ಯ ಇಡೀ ಮೈಸೂರು ಸಂಸ್ಥಾನದಲ್ಲಿ ಇನ್ನೊಬ್ಬನಿರಲಿಲ್ಲ! ಪರಂಗಿಯವರ ಮೇಲಿನ ಸಿಟ್ಟೆಂದುಕೊಂಡಿರಾ? ಅಲ್ಲ. ತಪ್ಪೆಲ್ಲ ಬೆಂಗಳೂರಿನ ಡಾಕ್ಟರದು.

ಮೈ ಸೊರಗಿ, ವಸಡಿನಲ್ಲಿ ರಕ್ತ ಜಿನುಗತೊಡಗಿದಾಗ ದೊಡ್ಡಪ್ಪನನ್ನು ಅಜ್ಜಂಪುರದಿಂದ ಅಲ್ಲಿಗೆ ಕರೆದೊಯ್ದೆವು. ಈಗ ಬ್ಲಡ್ ಕ್ಯಾನ್ಸರ್ ಎನ್ನುತ್ತಾರಲ್ಲ, ಅದೇ ರೋಗ. “ರಕ್ತದಲ್ಲಿ ಬಿಳಿ ಕಣ ಮಿತಿಮೀರಿದೆ. ವಾಸಿಯಾಗೋದು ಕಷ್ಟ,” ಎಂದರು ಡಾಕ್ಟರು. ನಾವು ಅಳುವುದೊಂದು ಬಾಕಿ. ದೊಡ್ಡಪ್ಪ ಮಾತ್ರ, “ಬಿಳೀದು ಹೆಚ್ಚಾಗಿದ್ರೆ ಬಿಳೀದ್ನ ಬಿಟ್ರಾಯ್ತಲ್ಲ ಸ್ವಾಮಿ! ಅದಕ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀರಿ?” ಎಂದು ಡಾಕ್ಟರಿಗೇ ಧೈರ್ಯ ಹೇಳಿದ.

ಬಿಟ್ಟೂ ಬಿಟ್ಟ. ಅನ್ನ, ಹಾಲು, ಮೊಸರು ಎಲ್ಲಕ್ಕೂ ಬಹಿಷ್ಕಾರ! ತೆಂಗಿನ ತೋಟದ ಯಜಮಾನನ ಮನೆಯಲ್ಲಿ ಕಾಯಿಚಟ್ನಿಗೂ ಗತಿಯಿಲ್ಲ. ಹಲ್ಲು ಬಿಳಿಯೆಂದು ಹಗಲೆಲ್ಲ ಎಲೆಯಡಿಕೆ ಜಗಿದ. ದೊಡ್ಡಮ್ಮ ಸೌಟು ಹಿಡಿದೇ ಹೊರಗೆ ಬಂದಳು.

“ಏನ್ರೀ, ಉಪ್ಪು ಯಾವ ಬಣ್ಣ?”

ದೊಡ್ಡಪ್ಪ ಎಲೆಯಡಿಕೆ ಉಗಿದ. “ಕಣ್ಣು ಮುಚ್ಕೊಂಡು ಹಾಕು ಕಣೇ!”

ಆಮೇಲೆ ಬಟ್ಟೆಯ ಸರದಿ. ಕೆಮ್ಮಣ್ಣುಗುಂಡಿಯಿಂದ ಒಂದು ಮೂಟೆ ಕೆಂಪು ಮಣ್ಣು ತರಿಸಿ, ಪಂಚೆ, ರುಮಾಲು ಎಲ್ಲವನ್ನೂ ಅದರಲ್ಲಿ ಅದ್ದಿದ. ಅದನ್ನುಟ್ಟು ತರೀಕೆರೆ ಸಂತೆಗೆ ಹೋದರೆ ಜನ ಸುಮ್ಮನಿರುತ್ತಾರೆಯೇ? ಯಾವುದೋ ಮಠದ ಸ್ವಾಮಿಗಳೆಂದು ಉದ್ದಕ್ಕೆ ಅಡ್ಡಬಿದ್ದರು! ದೊಡ್ಡಪ್ಪನೂ ಎಲ್ಲರಿಗೂ ಆಶೀರ್ವಾದ ಮಾಡಿ, ಬಾಳೆಗೊನೆ ಹೊತ್ತು ಮನೆಗೆ ಬಂದ.

“ನಾನ್ ಸಂಸಾರಸ್ಥ ಅಂತ ಹೇಳ್ಬಾರ್ದಾಗಿತ್ತಾ?” ದೊಡ್ಡಮ್ಮ ಗದರಿದಳು.

“ನೂರು ವರ್ಷ ಬಾಳಿ ಅಂತ ಹರಸಿದ್ದಕ್ಕೆ ಕೊಟ್ರು ಕಣೇ. ಬೇಡ ಅನ್ನಕ್ಕಾಗುತ್ತಾ? ಆದ್ರೆ ಸುಲಿದ್ರೆ ಒಳಗೆಲ್ಲ ಬಿಳಿ! ದನಕ್ಕೆ ಹಾಕ್ಬಿಡು.”

ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನಾವೂ ನಕ್ಕೆವು. ರೋಗ ಮಾತ್ರ ನಗಲಿಲ್ಲ. ಬೇಸಗೆಯ ಹೊತ್ತಿಗೆ ದೊಡ್ಡಪ್ಪ ಜಗಲಿ ಹತ್ತಲೂ ಗೋಡೆ ಹಿಡಿಯಬೇಕಾಗಿತ್ತು.

ಒಂದು ಸಂಜೆ ಎಲ್ಲಿಂದಲೋ ಬಾಳೆಲೆಯ ಪೊಟ್ಟಣ ಹಿಡಿದು ಬಂದ. ಬಿಚ್ಚಿದರೆ ಮಲ್ಲಿಗೆ ದಂಡೆ!

“ಅಯ್ಯೋ, ಇದು ಬಿಳಿ ಅಲ್ವೇನ್ರೀ?”

“ನಂಗಾಗಲ್ಲ, ನಿಂಗಾಗುತ್ತೆ. ತಿರುಗು ಇತ್ಲಾಗೆ.” ತಾನೇ ಮುಡಿಸಿದ. “ನಾನಿರೋವರ್ಗಾದ್ರೂ ದಿನಾ ಮುಡ್ಕೊ ಕಣೇ. ಆಮೇಲೆ ಈ ಜನ ಮುಡಿಯಕ್ಕೆ ಬಿಡಲ್ಲ.”

ಡಾಕ್ಟರ ಮಾತು ಅವನಿಗೆ ಅವತ್ತೇ ಅರ್ಥವಾಗಿತ್ತು ಎಂದು ನಮಗೆ ತಿಳಿದದ್ದು ಆಗ. ದೊಡ್ಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು, “ನಾಳೆಗೂ ತನ್ನಿ ಮತ್ತೆ,” ಎಂದಳು.