ಕರಿಯಾನನ್ನು ತಿರುಗಾಡಿಸುವ ವಿಧಾನ

ನಾಯಿಯನ್ನು ತಿರುಗಾಡಿಸುವುದು ಒಂದು ವಿದ್ಯೆ ಎಂದು ನಾನು ದೃಢವಾಗಿ ನಂಬಿದ್ದೇನೆ. ವಿದ್ಯೆ ಎಂದ ಮೇಲೆ ಅಧ್ಯಯನ ಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗನಾದ್ದರಿಂದ, ಓದಿಕೊಳ್ಳದೆ ಯಾವ ಕೆಲಸಕ್ಕೂ ಕೈಹಾಕಬಾರದೆಂಬ ಭಯ ನನ್ನಲ್ಲಿ ಭದ್ರವಾಗಿ ನೆಲೆಸಿದೆ. ಹೊಸ ಕುಕ್ಕರಿನ ಜೊತೆ ಬಂದ ಪುಸ್ತಿಕೆಯನ್ನು, ಹೆಂಡತಿ ಸುಮಾ ಅದೇ ಕುಕ್ಕರಿನಲ್ಲಿ ಅನ್ನ ಮಾಡಿ ಬಡಿಸಿದ ಮೇಲೂ, ಕೊನೆಯ ಪುಟದವರೆಗೆ ಓದಿ ಮುಗಿಸಿದವನು ನಾನು. ಹೀಗಾಗಿ ಕರಿಯಾ ರಾಮತೀರ್ಥ ನಗರದ ನಮ್ಮ ಮನೆಗೆ ಬಂದ ದಿನವೇ ಹೊಸ ನೋಟುಬುಕ್ಕೊಂದನ್ನು ತೆರೆದೆ.

ಕರಿಯಾ ನಮ್ಮ ದೊಡ್ಡವ್ವನ ನಾಯಿ. ಗುಂಜಿಯ ಕಾಡಿನಂಚಿನಲ್ಲಿ ಆಕೆಯ ಆಡುಗಳನ್ನು ಆರು ವರ್ಷ ಕಾಯ್ದವನು. ಮೊಣಕಾಲು ಕೈಕೊಟ್ಟಾಗ ದೊಡ್ಡವ್ವ ಆಡುಗಳನ್ನು ಮಾರಿ ಅನಗೋಳದ ಮಗಳ ಮನೆಗೆ ಬಂದಳು. ಅಲ್ಲಿರುವುದು ಎರಡೇ ಕೋಣೆ. ಕರಿಯಾ ನಮ್ಮ ಪಾಲಿಗೆ ಬಂದ. ನಾನು ನಿಯಮಗಳನ್ನು ಬರೆದುಕೊಂಡೆ. ಬಿಸಿಲೇರುವ ಮುನ್ನ ಹೊರಡಬೇಕು. ಡಾಂಬರಿನ ಮೇಲೆ ಕೈಯಿಟ್ಟಾಗ ನಮಗೆ ಸುಟ್ಟರೆ ನಾಯಿಯ ಪಾದಕ್ಕೂ ಸುಡುತ್ತದೆ. ವಾಹನಗಳ ಕಡೆಗೆ ನಾವಿರಬೇಕು, ಒಳಬದಿಗೆ ನಾಯಿ ಇರಬೇಕು. ಅದರ ಹೇಸಿಗೆ ಎತ್ತಲು ಚೀಲ ಮರೆಯಬಾರದು. ಇವೆಲ್ಲ ಸರಿಯೆಂದು ಇಂದಿಗೂ ಪ್ರತಿಪಾದಿಸುತ್ತೇನೆ. ನೋಟುಬುಕ್ಕಿನಲ್ಲಿ ಇಲ್ಲದಿದ್ದುದು ಒಂದೇ ಸಂಗತಿ: ನಾನು ತಿರುಗಾಡಲು ಹೊರಡುತ್ತಿದ್ದೆ, ಕರಿಯಾ ಕೆಲಸಕ್ಕೆ ಹೊರಡುತ್ತಿದ್ದ.

ಉದ್ಯಾನದಲ್ಲಿ ಜನರು ತಮಗೆ ಬೇಕಾದ ದಿಕ್ಕಿಗೆ ಚದುರಿ ನಡೆಯುವುದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ. ಒಂದು ಮುಂಜಾನೆ ಹಗ್ಗವನ್ನು ನನ್ನ ಕೈಯಿಂದ ಕಿತ್ತುಕೊಂಡು ಓಡಿದ. ಯಾರನ್ನೂ ಕಚ್ಚಲಿಲ್ಲ, ಬೊಗಳಲೂ ಇಲ್ಲ. ಬರಿದೆ ಸುತ್ತು ಹಾಕುತ್ತ ಹಾಕುತ್ತ ಮೂವರು ಮಹಿಳೆಯರನ್ನು, ಪ್ರಾಣಾಯಾಮದಲ್ಲಿದ್ದ ಒಬ್ಬ ಗೃಹಸ್ಥರನ್ನು ಮತ್ತು ನಮ್ಮ ಎದುರುಮನೆಯ ನಿವೃತ್ತ ಮಾಸ್ತರರನ್ನು ನೀರಿನ ಟಾಕಿಯ ಮೂಲೆಗೆ ಕೂಡಿಹಾಕಿದ. ಅನಂತರ ಎದುರಿಗೆ ಕುಳಿತು, ಇನ್ನು ಹಟ್ಟಿಯ ಬಾಗಿಲು ಹಾಕು ಎಂಬಂತೆ ನನ್ನನ್ನು ನೋಡಿದ.

“ಏನ್ರೀ ಸರ, ನಾವೇನ್ ಆಡೇನ್ರೀ?” ಎಂದರು ಮಾಸ್ತರರು.

ನಾನು ಮೂರು ವಾಕ್ಯಗಳಲ್ಲಿ, ವ್ಯಾಕರಣದ ಒಂದು ದೋಷವೂ ಇಲ್ಲದಂತೆ ಕ್ಷಮೆ ಕೋರಿದೆ. ಅವರು ಕರಗಲಿಲ್ಲ. “ಇನ್ನೊಮ್ಮಿ ಹಿಂಗಾತಂದ್ರ ಈ ನಾಯಿ ನಮ್ಮ ಓಣ್ಯಾಗ ಬ್ಯಾಡ್ರಿ. ನಾ ಒಬ್ಬಾವ ಅಲ್ಲ, ಎಲ್ಲಾರೂ ಕೂಡಿ ಹೇಳಾಕತ್ತೇವಿ.”

ಮರಳಿ ಕಳುಹಿಸೋಣವೆಂದರೆ ಗುಂಜಿಯಲ್ಲಿ ಈಗ ಆಡುಗಳೂ ಇಲ್ಲ, ಹಟ್ಟಿಯೂ ಇಲ್ಲ. ಸುಮಾ ಕರಿಯಾನ ಬೆನ್ನು ಸವರುತ್ತ ಕುಳಿತಳು.

ಸುದ್ದಿ ಕೇಳಿ ರವಿವಾರ ದೊಡ್ಡವ್ವನೇ ಬಂದಳು. ನಾನು ನೋಟುಬುಕ್ಕನ್ನು ಆಮೂಲಾಗ್ರವಾಗಿ ಓದಿ ಹೇಳಿದೆ. ಆಕೆ ಶ್ರದ್ಧೆಯಿಂದ ಕೇಳಿ, “ಎಲ್ಲಾ ಖರೇ ಐತಿ ತಮ್ಮಾ. ನಾ ಕೊಟ್ಟ ಕಂಬಳಿ ಎಲ್ಲೈತಿ?” ಎಂದಳು.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾಯಿಯ ಜೊತೆಗೆ ಆಕೆ ತನ್ನ ಹಳೆಯ ಕಂಬಳಿಯನ್ನೂ ಕಳುಹಿಸಿದ್ದಳು. ಅದರ ಆಡಿನ ವಾಸನೆ ಪಡಸಾಲೆಯನ್ನೆಲ್ಲ ತುಂಬಿಕೊಂಡಿತ್ತು. ಮನೆಗೆ ಬಂದವರು ಮೂಗು ಮುಚ್ಚಿಕೊಂಡು, ನಿಮ್ಮ ಹಿರಿಯರ ಉದ್ಯೋಗವೇನು ಎಂದು ಕೇಳಿಬಿಟ್ಟಾರೆಂದು ಹೆದರಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಅಟ್ಟಕ್ಕೆ ಸೇರಿಸಿದ್ದೆ.

“ಅಟ್ಟದಾಗ?” ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕಂಬಳಿ ಹೊತ್ತವ್ರ ಬಾಜು ನಡೀಬೇಕಂತ ಅದಕ್ಕ ಮರಿ ಇದ್ದಾಗಿಂದ ಗೊತ್ತೈತಿ. ನಿನ್ನ ಹೆಗಲ ನೋಡಿದ್ರ ಖಾಲಿ. ಮಾಲಕರು ಯಾರೂ ಇಲ್ಲಂತ ತಿಳದು, ಪಾಪ, ತಾನ ಹಿಂಡ ಸಂಬಾಳಿಸಾಕತ್ತೈತಿ. ಬಿ.ಎ. ಕಲತೀದಿ, ಇಷ್ಟು ತಿಳೀವಲ್ದ?”

“ಎಂ.ಎ., ದೊಡ್ಡವ್ವ.”

“ಹಂಗಾರ ಇನ್ನೂ ಕೆಟ್ಟ ಆತು.”

ಮರುದಿನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಕಂಬಳಿ ಹೊತ್ತು ಹೊರಟೆ. ಕರಿಯಾ ಅದನ್ನು ಮೂಸಿದ, ಬಹುಕಾಲದ ಹೊಣೆ ಇಳಿಸಿದವನಂತೆ ದೊಡ್ಡದೊಂದು ಉಸಿರು ಬಿಟ್ಟ, ನನ್ನ ಪಕ್ಕಕ್ಕೆ ಬಂದು ನಿಂತ. ಉದ್ಯಾನವನ್ನು ಎರಡು ಸುತ್ತು ಹಾಕಿದೆವು. ಹಗ್ಗ ಒಮ್ಮೆಯೂ ಬಿಗಿಯಾಗಲಿಲ್ಲ. ಮಾಸ್ತರರು ದಾರಿಗೆ ಅಡ್ಡ ಬಂದು, “ಇದೇನ್ರೀ ಸರ, ವೇಷ?” ಎಂದರು. ನೇಯ್ಗೆಯ ಕಲೆಯನ್ನು ಉತ್ತೇಜಿಸಬೇಕಾದ ಅಗತ್ಯವನ್ನು ಕುರಿತು ಸೊಗಸಾದ ವಾಕ್ಯವೊಂದನ್ನು ನಾನು ಸಿದ್ಧಪಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ: “ನಮ್ಮ ದೊಡ್ಡವ್ವಂದ್ರಿ. ನಾವು ಆಡು ಕಾಯೂ ಮಂದಿ.”

ಮಾಸ್ತರರು ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಅಸಲ್ ಮಾಲ ಐತಲ್ರೀ,” ಎಂದರು. ಕರಿಯಾ ಅವರನ್ನು ಎಲ್ಲಿಗೂ ಓಡಿಸದೆ ತೆಪ್ಪಗೆ ಕುಳಿತಿದ್ದ. ಬಾಗಿ ಅವನ ಕಿವಿ ತುರಿಸಿದರು. “ಹಿಂಗ ಶಾಣ್ಯಾ ಆಗಿದ್ರ ಓಣ್ಯಾಗ ಇರಲಿ ಬಿಡ್ರಿ.”

ಅಂದಿನಿಂದ ನನ್ನ ನಾಯಕತ್ವವನ್ನು ಕರಿಯಾ ಒಪ್ಪಿಕೊಂಡಿದ್ದಾನೆಂದು ನಾಲ್ಕಾರು ಮಂದಿಗೆ ಹೇಳಿಕೊಂಡೂ ಇದ್ದೆ. ಕಳೆದ ವಾರ ನನಗೆ ಜ್ವರ ಬಂದಾಗ ಸುಮಾ ಕಂಬಳಿಯನ್ನು ಹೆಗಲಿಗೇರಿಸಿದಳು. ಕರಿಯಾ ಬಾಲವೆತ್ತಿ ಅವಳ ಬೆನ್ನಿಗೆ ಹೊರಟ. ಹಾಸಿಗೆಯಲ್ಲಿದ್ದ ನನ್ನ ಕಡೆಗೆ ಸೌಜನ್ಯಕ್ಕಾದರೂ ತಿರುಗಿ ನೋಡಲಿಲ್ಲ. ಆದ್ದರಿಂದ ಅದರ ವಾಸನೆ ನನ್ನ ಮೈಗೇ ಹತ್ತಲೆಂದು ಈಗ ಮಲಗುವಾಗಲೂ ಕಂಬಳಿಯನ್ನೇ ಹೊದೆಯುತ್ತಿದ್ದೇನೆ. ಸುಮಾ ತನ್ನ ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ದಿದ್ದಾಳೆ. ಕರಿಯಾ ದಿನವೂ ಬೆಳಗ್ಗೆ ಬಂದು ನನ್ನ ಬರಿಯ ತೋಳನ್ನು ಮೂಸುತ್ತಾನೆ, ಇನ್ನೂ ಸಾಲದೆಂದು ಮುಖ ತಿರುಗಿಸಿ ಹೋಗುತ್ತಾನೆ.