ಚೊಚ್ಚಲ ಕೋಳಿಯ ಬಾಣಂತನ

ನಮ್ಮ ಮನ್ಯಾಗ ಸೀದಾ ಸುರು ಆಗಿ ಸೀದಾ ಮುಗಿಯೋ ಕೆಲಸ ಒಂದೂ ಇಲ್ಲರಿ. ಇಂಥಾವನ್ನ ನೋಡಿ ನೋಡಿನ ನನ್ನ ತಲಿ ಪೂರ್ತಿ ಬೋಳಾತು ಅಂತ ನಾ ಹೇಳತೀನಿ. ಪುಣೆ ಹತ್ರ ಚಾಕಣದ ಕಾರ್ಖಾನಿಯೊಳಗ ಹೆಲ್ಮೆಟ್ ಹಾಕ್ಕೊಂಡು ಹಾಕ್ಕೊಂಡು ಆತು ಅಂತ ಹೆಂಡತಿ ಹೇಳತಾಳ. ಈ ಕೋಳಿ ಕತಿ ಕೇಳಿ ನೀವ ತೀರ್ಮಾನ ಮಾಡ್ರಿ.

ಟೊಮೆಟೊ

ಸಂತಿಯೊಳಗ ಹಸಿರು ಬಣ್ಣ ಹಚ್ಚಿ ಮಾರತಾರಲ್ಲ, ಅಂಥಾ ಮರಿ ಅದು. ಮಗಳು ಹಠ ಹಿಡದಳು ಅಂತ ಕೊಂಡುಕೊಟ್ಟೆ. ಎರಡ ದಿನದಾಗ ಸಾಯತದ ಅಂದಿದ್ದೆ. ಬಣ್ಣ ಹೋತು, ಮರಿ ಉಳೀತು. ಐದಾರು ತಿಂಗಳಿಗೆ ಮೈಕೈ ತುಂಬಿಕೊಂಡು ಅಂಗಳದಾಗ ಠೀವಿಲೆ ಅಡ್ಡಾಡಾಕ ಹತ್ತಿತು.

ಒಂದಿನ ಮುಂಜಾನೆ ಮೊದಲನೇ ತತ್ತಿ ಇಟ್ಟಿತು. ತತ್ತಿ ಭಾಳ ದೊಡ್ಡದು, ಕೋಳಿಗೆ ತಡೀಲಿಲ್ಲ. ಹಿಂದಿಂದ ಒಳಗಿನ ಮಾಂಸ ಹೊರಗ ಬಂದು ಸಣ್ಣ ಟೊಮೆಟೊ ಹಂಗ ಕೆಂಪಗ ಜೋತುಬಿತ್ತು. ಹೆಂಡತಿ ಸೆರಗಿಲೆ ಬಾಯಿ ಮುಚ್ಚಿಕೊಂಡಳು.

'ಹೋಗ್ಲಿ ಬಿಡು, ಹೆಂಗೂ ರವಿವಾರ ಅದ. ಮಸಾಲಿ ಅರಿ,' ಅಂದೆ ನಾ.

ನಮ್ಮವ್ವ ಊರಾಗ ಮೂವತ್ತು ವರ್ಷ ಸೂಲಗಿತ್ತಿ ಆಗಿದ್ದಾಕಿ. ಅರ್ಧ ಊರು ಅಕಿ ಕೈಯಾಗ ಹುಟ್ಟೇದ. ಪುಣೆಕ್ಕ ಬಂದ ಮ್ಯಾಲ ನಾಕ ವರ್ಷದಾಗ ಅಕಿನ್ನ ಯಾರೂ ಕರದಿಲ್ಲ. ಇಲ್ಲಿ ಎಲ್ಲಾರೂ ದವಾಖಾನಿಗೆ ಹೋಗೋರು. ಅದು ಅಕಿ ಮನಸಿಗೆ ಹತ್ತಿತ್ತು. ಕೋಳಿ ಮುಂದ ಕುಕ್ಕರಗಾಲಿಲೆ ಕೂತಾಕಿ ನನ್ನ ಕಡೆ ತಿರುಗಿದಳು.

'ಚೊಚ್ಚಲ ಬಾಣಂತಿ ಮುಂದ ಮಸಾಲಿ ಮಾತಾಡ್ತೀಯೇನೋ? ನೀ ಹುಟ್ಟಿದಾಗ ನಿಮ್ಮಪ್ಪ ಹಿಂಗ ಅಂದಿದ್ದನೇನು?'

ಮೆಡಿಕಲ್ ಅಂಗಡಿ

ನಮ್ಮೂರ ಕಡೆ ದನದ ಡಾಕ್ಟರಿಗೆ ಫೋನ್ ಹಚ್ಚಿದೆ. ಬೆಚ್ಚಗಿನ ಉಪ್ಪುನೀರಿಲೆ ತೊಳೀರಿ, ಬಾವು ಇಳಿಯಾಕ ಸಕ್ಕರಿ ಹಚ್ಚರಿ, ಮೆಲ್ಲಕ ಒಳಗ ದಬ್ಬರಿ, ಆಮ್ಯಾಲ ಮೂಲವ್ಯಾಧಿ ಮಲಾಮು ಸವರ್ರಿ ಅಂದ್ರು. ಜೋಮು ಹಿಡಸೋ ಔಷಧಿ ಕೂಡಿಸಿದ ಮಲಾಮು ಬ್ಯಾಡ, ಕೋಳಿಗೆ ಆಗೂದಿಲ್ಲ ಅಂತನೂ ಹೇಳಿದ್ರು.

ಅಂಗಡಿಯಾಗ ಏಳೆಂಟು ಮಂದಿ ನಿಂತಿದ್ರು. ನಾ ಮೆಲ್ಲಕ ಮರಾಠಿಯೊಳಗ ಮಲಾಮು ಕೇಳಿದೆ. ಅಂಗಡಿಯಾಂವ ಜೋರಾಗಿ, ಯಾರಿಗೆ ಅಂದ.

'ಕೋಂಬಡೀಸಾಠಿ,' ಅಂದೆ. ಕೋಳಿಗೆ.

ಅಂವ ಕನ್ನಡಕ ಇಳಿಸಿ ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ. 'ಇಷ್ಟು ವರ್ಷ ಅಂಗಡಿ ನಡಸೇನಿ. ಕಾಕಾಗ ಅಂತಾರ, ಮಾವಗ ಅಂತಾರ, ಗೆಳ್ಯಾಗ ಅಂತಾರ. ಕೋಳಿ ಮ್ಯಾಲ ಹಾಕಿದವರು ನೀವ ಮೊದಲು.'

ಹಿಂದ ನಿಂತ ಹಿರ್ಯಾರೊಬ್ಬರು ನನ್ನ ಹೆಗಲ ಮ್ಯಾಲ ಕೈ ಇಟ್ಟು, 'ಖಾರ ಬಿಡಸರಿ, ಕೋಳಿಗೆ,' ಅಂದ್ರು.

ಗಂಡಸರು ಹೊರಗ

ಹೆಂಡತಿ ಕೋಳಿ ಹಿಡದಿದ್ದಳು. ಅವ್ವ ತೊಡಿ ಮ್ಯಾಲ ಹಳೇ ಸೀರಿ ಹಾಸಿಕೊಂಡು ಕೂತಿದ್ದಳು. ನಾ ಹಣಕಿ ಹಾಕಿದೆ.

'ಗಂಡಸರಿಗೇನು ಕೆಲಸ ಇಲ್ಲಿ? ಹೊರಗ ನಡಿ.'

ಬಾಗಲಾ ಹಾಕಿಬಿಟ್ಟರು. ನಾ ಓಣಿಯೊಳಗ ಆ ಕಡೆಯಿಂದ ಈ ಕಡೆ ಅಡ್ಡಾಡಿದೆ. ಒಳಗಿಂದ ಅವ್ವನ ದನಿ: 'ತಿಣಕಬ್ಯಾಡವಾ. ಉಸಿರು ಬಿಡು. ಆತು, ಇನ್ನೊಂದ ಚೂರು.' ಮಗಳು ಹುಟ್ಟಿದಾಗ ದವಾಖಾನಿ ಹೊರಗ ಹಿಂಗ ಅಡ್ಡಾಡಿದ್ದೆ. ಒಂದ ಕೋಳಿ ಸಲುವಾಗಿ ಇಷ್ಟ್ಯಾಕ ಅಂತ ನಾಚಿಕಿ ಬಂತು, ಕಾಲು ಮಾತ್ರ ನಿಲ್ಲಲಿಲ್ಲ.

ತಾಸಿನ ಮ್ಯಾಲ ಅವ್ವ ಬಾಗಲಾ ತಗದು, 'ಒಳಗ ಹೋತು,' ಅಂದಳು. ನನಗ ಜೀವ ಬಂದಂಗಾತು. ಹೆಂಡತಿಗೆ ಒಂದ ಕಪ್ ಚಹಾ ಮಾಡು ಅಂದೆ. ಸಕ್ಕರಿ ಡಬ್ಬಿ ತಗದು ತೋರಿಸಿದಳು. ಎಲ್ಲಾ ಕೋಳಿಗೆ ಹೋಗಿತ್ತು.

ಅಂಟಿನ ಉಂಡಿ

ಹದಿನೈದು ದಿನ ಕತ್ತಲಾಗ ಇಡ್ರಿ, ಕಾಳು ಕಡಿಮಿ ಹಾಕ್ರಿ, ಅಂದ್ರ ಲಗೂನ ಇನ್ನೊಂದು ತತ್ತಿ ಬರೂದಿಲ್ಲ ಅಂದಿದ್ರು ಡಾಕ್ಟರು. ಕತ್ತಲಿ ಮಾತು ಅವ್ವಗ ಒಪ್ಪಿಗಿ ಆತು. ರಟ್ಟಿನ ಪೆಟ್ಟಿಗಿ ತಂದು ಮ್ಯಾಲ ಅರಿವಿ ಹೊಚ್ಚಿದಳು. ಕಾಳಿನ ಮಾತಿಗೆ ಮಾತ್ರ ಸಿಟ್ಟು ಬಂತು. 'ಬಾಣಂತಿನ್ನ ಉಪವಾಸ ಕೆಡವೋ ಡಾಕ್ಟರ ಯಾವ ಸಾಲ್ಯಾಗ ಓದ್ಯಾನ?'

ನಮಗ ಗೊತ್ತಿಲ್ದಂಗ ಬಾಣಂತೇರಿಗೆ ಕೊಡೋ ಅಂಟಿನ ಉಂಡಿ ಮಾಡಿ, ಪುಡಿ ಮಾಡಿ ಮಾಡಿ ತಿನಿಸಿದಳು. ಮೂರನೇ ದಿನ ಕೋಳಿ ಮತ್ತ ತತ್ತಿ ಇಟ್ಟಿತು. ಒಳಗಿಂದು ಮತ್ತ ಹೊರಗ ಬಂತು.

ಅವ್ವ ಕೈ ತೊಳಕೊಂಡು ಎಲ್ಲಾ ಮೊದಲಿನ ಹಂಗ ಮಾಡಿದಳು. ಕಡೀಕ, 'ನನ್ನ ಕೈಯಾರೆ ಕೆಡಿಸಿದೆ,' ಅಂತ ಕಣ್ಣೀರು ಒರಸಿಕೊಂಡಳು. ನನಗ ಭಾಳ ಕೆಟ್ಟ ಅನಿಸಿತು. ಫೋನಿನಾಗ ಡಾಕ್ಟರು, ಮೂರನೇ ಸಲನೂ ಹೊರಗ ಬಂದ್ರ ಆ ಜೀವಾ ನರಳಸಬ್ಯಾಡ್ರಿ ಅಂದ್ರು. ಅದನ್ನ ಅವ್ವಗ ಹೇಳಾಕ ನನಗ ಅರ್ಧ ದಿನ ಹಿಡೀತು.

ಅವ್ವ ಉಂಡಿ ಡಬ್ಬಿ ನನ್ನ ಕೈಯಾಗ ಕೊಟ್ಟು, 'ನೀ ತಿಂದು ಮುಗಸು. ಮನ್ಯಾಗ ಇದ್ರ ನನ್ನ ಕೈ ಸುಮ್ಮನ ಇರೂದಿಲ್ಲ,' ಅಂದಳು. ಆ ಬಾಣಂತನದಾಗ ಮೈ ಹಿಡದಾಂವ ನಾನೊಬ್ಬನ.

ಕುಂಚಿಗಿ

ಬಾಣಂತಿ ಅಂದ ಮ್ಯಾಲ ಅಜವಾನದ ಹೊಗಿ ಹಾಕಬೇಕು ಅಂತ ಅವ್ವ ಹಠ ಹಿಡದಳು. ಕೋಳಿಗೆ ಹೊಗಿ ಆಗೂದಿಲ್ಲ ಅಂದೆ. ಹಂಗಾದ್ರ ಹೊಸ್ತಿಲಕ್ಕ ಹಾಕತೀನಿ ಅಂತ ದಿನಾ ಸಂಜಿಕೆ ಹೊಸ್ತಿಲದ ಹೊರಗ ಕೆಂಡದ ಮ್ಯಾಲ ಅಜವಾನ ಉದರಸತಿದ್ದಳು. ಆ ವಾಸನಿ ಸೀದಾ ಮುಂದಿನ ಮನಿಗೆ ಹೋಗತಿತ್ತು. ಅಲ್ಲಿ ಇರಾಕಿ ನಮ್ಮ ಮನಿ ಮಾಲಕಿ, ಮರಾಠಿ ಆಜಿ.

ಹದಿನೈದು ದಿನ ಮುಗದು ಅರಿವಿ ತಗದ್ವಿ. ಬೆಳಕು ಕಂಡ ನಾಕ ದಿನಕ್ಕ ಕೋಳಿ ಮೂಲಿ ಹಿಡದು ಕೂತಿತು. ತತ್ತಿ ಬರೋ ಲಕ್ಷಣ. ಈಗ ಹೊರಗ ಬಂದ್ರ ಮುಗೀತು. ಅವ್ವ, ಹೆಂಡತಿ, ನಾ, ಮೂವರೂ ಉಸಿರು ಬಿಗಿ ಹಿಡದು ಸುತ್ತ ಕೂತ್ವಿ.

ಅಷ್ಟರಾಗ ಬಾಗಲಾ ಬಡದ ಸಪ್ಪಳ. ನಾ ಎದ್ದು ಹೋಗಿ ತಗದೆ. ಆಜಿ ಮಾರಿ ಉಬ್ಬಿಸಿಕೊಂಡು ನಿಂತಿದ್ದಳು. ಕೈಯಾಗ ಕೂಸಿನ ತಲಿಗೆ ಹಾಕೋ ಕುಂಚಿಗಿ. ಇಷ್ಟು ದಿನ ಅಜವಾನದ ಹೊಗಿ ಹಾಕತೀರಿ, ಮನ್ಯಾಗ ಕೂಸು ಆದದ್ದು ನನಗೊಂದು ಮಾತು ಹೇಳಬಾರದೇನು, ಅಂತ ಮರಾಠಿಯೊಳಗ ಚೆಂದಗ ಬೈದಳು. ನಾ ಬಾಯಿ ತಗಿಯೂದ್ರಾಗ ಒಳಗ ಬಂದು ಕೇಳೇಬಿಟ್ಟಳು:

'ಮುಲಗಾ ಕೀ ಮುಲಗೀ?' ಗಂಡೋ ಹೆಣ್ಣೋ?

ಅವ್ವಗ ಮರಾಠಿ ಬರೂದಿಲ್ಲ. ಆದರ ಆ ಪ್ರಶ್ನಿ ಸೂಲಗಿತ್ತಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟೊತ್ತಿಗೆ ಕೋಳಿ ತತ್ತಿ ಇಟ್ಟಿತ್ತು. ಅಕಿ ಕೋಳಿನ್ನ ಎತ್ತಿ ಹಿಂದ ನೋಡಿದಳು, ಎರಡು ಸಲ ನೋಡಿದಳು. ಎಲ್ಲಾ ಒಳಗ ಇತ್ತು. ಬಿಸಿಬಿಸಿ ತತ್ತಿನ್ನ ಅಂಗೈಯಾಗ ಹಿಡಕೊಂಡು ಎದ್ದು ಬಂದಳು.

'ತಾಯಿ, ಕೂಸು ಇಬ್ಬರೂ ಆರಾಮ ಅದಾರ್ರಿ.'

ನಾಕ ವರ್ಷದ ಮ್ಯಾಲ ಅಕಿ ಬಾಯಾಗ ಆ ಮಾತು ಬಂದಿತ್ತು. ಹೇಳತಾ ಹೇಳತಾ ಅತ್ತುಬಿಟ್ಟಳು. ನನ್ನ ಕಣ್ಣಾಗೂ ನೀರು ಬಂತು.

ಆಜಿ ಅವ್ವನ ಮಾರಿ ನೋಡಿದಳು, ಕೋಳಿ ನೋಡಿದಳು. ಏನ ತಿಳೀತೋ, ತತ್ತಿ ಈಸಕೊಂಡು ಕುಂಚಿಗಿಯೊಳಗ ಇಟ್ಟು, ಕಸಿ ಕಟ್ಟಿ, ದೃಷ್ಟಿ ತಗದಳು. ಆಮ್ಯಾಲ ತತ್ತಿ ಒಮ್ಮೆ, ನನ್ನ ತಲಿ ಒಮ್ಮೆ ನೋಡಿದಳು.

'ಬಾಪಾವರ ಗೇಲಂಯ,' ಅಂದಳು. ಥೇಟ್ ಅಪ್ಪನ ಹಂಗ ಅದ, ಅಂತ.